ಟ್ಯೂಮರ್ ಸಪ್ರೆಸರ್ ಜೀನ್ ಪ್ರಬಲವೋ, ದುರ್ಬಲವೋ? ಪುಸ್ತಕ ಹೇಳೋದು ಒಂದು, ವಂಶವೃಕ್ಷ ತೋರಿಸೋದು ಇನ್ನೊಂದು

ಓದುಗ_ಜೀವಶಾಸ್ತ್ರ

ಪರೀಕ್ಷೆಗೆ ಓದುವಾಗ ಒಂದು ಕಡೆ ತಲೆ ಕೆಟ್ಟು ನಿಂತಿದೆ. ಜೀವಕೋಶದ ಬೆಳವಣಿಗೆಯನ್ನೂ ವಿಭಜನೆಯನ್ನೂ ಹತೋಟಿಯಲ್ಲಿಡುವ ಟ್ಯೂಮರ್ ಸಪ್ರೆಸರ್ ಜೀನ್‌ಗಳು ದುರ್ಬಲ ಗುಣದವು, ಎರಡೂ ಪ್ರತಿ ಕೆಟ್ಟರೆ ಮಾತ್ರ ಕ್ಯಾನ್ಸರ್ ಎಂದು ಪುಸ್ತಕದಲ್ಲಿದೆ. ಸರಿ ಅಂದುಕೊಂಡೆ. ಅದೇ ಅಧ್ಯಾಯದ ಕೊನೆಯಲ್ಲಿ ರೆಟಿನೋಬ್ಲಾಸ್ಟೋಮಾದ (ಮಕ್ಕಳ ಅಕ್ಷಿಪಟಲದಲ್ಲಿ ಬರುವ ಕ್ಯಾನ್ಸರ್) ವಂಶವೃಕ್ಷ ಕೊಟ್ಟಿದ್ದಾರೆ. ತಾತನಿಗೆ, ಮಗಳಿಗೆ, ಮೊಮ್ಮಗನಿಗೆ, ಒಂದು ತಲೆಮಾರೂ ಬಿಡದೆ ಬಂದಿದೆ. ಕೆಳಗೆ ‘ಪ್ರಬಲ ಆನುವಂಶೀಯತೆ’ ಎಂದು ಬರೆದಿದ್ದಾರೆ. ಒಂದೇ ಜೀನ್ ಎರಡೂ ಹೇಗಾಗುತ್ತೆ? ಅಚ್ಚಿನ ತಪ್ಪಾ?

ಬೆಂಚ್‌ವಾಸಿ

ಅಚ್ಚಿನ ತಪ್ಪಲ್ಲ. ಎರಡೂ ಸರಿ, ಎರಡು ಬೇರೆ ಪ್ರಶ್ನೆಗಳ ಉತ್ತರ ಅವು. ‘ಈ ಜೀವಕೋಶ ಹದ್ದು ಮೀರುತ್ತಾ?’ ಎಂದು ಕೇಳಿದರೆ ಎರಡೂ ಪ್ರತಿ ಹೋಗಬೇಕು, ಆದ್ದರಿಂದ ದುರ್ಬಲ. ‘ಈ ಮನುಷ್ಯನಿಗೆ ಗೆಡ್ಡೆ ಬರುತ್ತಾ?’ ಎಂದು ಕೇಳಿದರೆ ಒಂದು ಕೆಟ್ಟ ಪ್ರತಿಯನ್ನು ಹೊತ್ತು ಹುಟ್ಟಿದರೂ ಸಾಕು, ಆದ್ದರಿಂದ ಪ್ರಬಲ. ಮೊದಲನೆಯದು ಒಂದು ಕೋಶದ ಮಾತು, ಎರಡನೆಯದು ಕೋಟಿಗಟ್ಟಲೆ ಕೋಶಗಳ ಮಾತು.

ಬಿಡಿಸಿ ಹೇಳ್ತೀನಿ. ಕೆಟ್ಟ ಪ್ರತಿ ಅಪ್ಪನಿಂದಲೋ ಅಮ್ಮನಿಂದಲೋ ಬಂದಿದ್ದರೆ ಅದು ಮೈಯ ಪ್ರತಿಯೊಂದು ಕೋಶದಲ್ಲೂ ಇರುತ್ತೆ. ಪ್ರತಿಯೊಂದರಲ್ಲೂ ಇನ್ನೊಂದು ಪ್ರತಿ ಸರಿಯಾಗಿ ಕೆಲಸ ಮಾಡ್ತಾ ಇರೋದರಿಂದ ಮಗು ಹುಟ್ಟುವಾಗ ಆರೋಗ್ಯವಾಗೇ ಇರುತ್ತೆ. ಆದರೆ ಬೆಳೆಯುತ್ತಿರುವ ಅಕ್ಷಿಪಟಲದಲ್ಲಿ ಲಕ್ಷಾಂತರ ಕೋಶಗಳು ವಿಭಜನೆಯಾಗ್ತಾ ಇರುತ್ತವೆ. ಅಷ್ಟರಲ್ಲಿ ಯಾವುದೋ ಒಂದು ಕೋಶ, ಒಂದೇ ಒಂದು ಸಾಕು, ಉಳಿದ ಪ್ರತಿಯನ್ನೂ ಕಳೆದುಕೊಂಡರೆ ಗೆಡ್ಡೆ ಅಲ್ಲಿಂದ ಶುರು. ಮಗು ಆನುವಂಶಿಕವಾಗಿ ಪಡೆದದ್ದು ಕ್ಯಾನ್ಸರನ್ನಲ್ಲ, ಅದರ ಅರ್ಧ ದಾರಿಯನ್ನು. ಉಳಿದರ್ಧವನ್ನು ಸಂಖ್ಯಾಬಲವೇ ಮುಗಿಸಿಬಿಡುತ್ತೆ.

ಇದನ್ನು ಮೊದಲು ಅಂಕಿಯಲ್ಲಿ ತೋರಿಸಿದವರು ಆಲ್ಫ್ರೆಡ್ ನಡ್ಸನ್, 1971ರಲ್ಲಿ. ಅವರ ಕೈಲಿ ಜೀನ್ ಇರಲಿಲ್ಲ, ಡಿಎನ್‌ಎ ಓದುವ ಯಂತ್ರವೂ ಇರಲಿಲ್ಲ. ಇದ್ದದ್ದು 48 ಮಕ್ಕಳ ದಾಖಲೆ: ಒಂದು ಕಣ್ಣಿಗೋ ಎರಡು ಕಣ್ಣಿಗೋ, ಯಾವ ವಯಸ್ಸಿನಲ್ಲಿ ಪತ್ತೆಯಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ. ಎರಡೂ ಕಣ್ಣಿಗೆ ಬಂದ ಮಕ್ಕಳಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡಿತ್ತು. ‘ಈ ವಯಸ್ಸಿಗೆ ಇನ್ನೂ ಪತ್ತೆಯಾಗದೆ ಉಳಿದವರು ಎಷ್ಟು ಪಾಲು’ ಎನ್ನುವುದನ್ನು ಲಾಗರಿದಮ್ ಅಳತೆಯಲ್ಲಿ ಗುರುತಿಸಿದರೆ ಅವರದ್ದು ನೇರ ಗೆರೆ. ಅಂದರೆ ಒಂದೇ ಒಂದು ಆಕಸ್ಮಿಕಕ್ಕೆ ಕಾಯುತ್ತಿರುವ ಲಕ್ಷಣ. ಒಂದೇ ಕಣ್ಣಿನವರ ಗೆರೆ ಬಾಗಿತ್ತು, ಎರಡು ಆಕಸ್ಮಿಕ ಬೇಕು ಎನ್ನುವ ಲೆಕ್ಕಕ್ಕೆ ಹೊಂದುತ್ತಿತ್ತು. ಒಬ್ಬರಿಗೆ ಮೊದಲ ಪೆಟ್ಟು ಹುಟ್ಟುವ ಮುಂಚೆಯೇ ಬಿದ್ದಿದೆ, ಇನ್ನೊಬ್ಬರಿಗೆ ಎರಡೂ ಪೆಟ್ಟು ಕಣ್ಣಿನ ಒಂದೇ ಕೋಶದಲ್ಲಿ ಬೀಳಬೇಕು ಎಂದು ಅವರು ಹೇಳಿದ್ದು ಅಲ್ಲಿಂದ. ಈ ಕಾಯಿಲೆಯ ಹಿಂದಿರುವ ಆರ್‌ಬಿ1 ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಕಾಗದದ ಮೇಲಿನ ಎರಡು ಗೆರೆಗಳಿಂದ ಹದಿನೈದು ವರ್ಷ ಮುಂದೆ ನೋಡಿದ ಆ ಲೇಖನ ನನ್ನ ಮಟ್ಟಿಗೆ ಇಡೀ ಕ್ಯಾನ್ಸರ್ ಸಂಶೋಧನೆಯಲ್ಲೇ ಅತ್ಯಂತ ಚೊಕ್ಕ ಕೆಲಸ.

ಲೆಕ್ಕದ_ಮೇಷ್ಟ್ರು

ಬೆಂಚ್‌ವಾಸಿಯವರು ಸಂಖ್ಯಾಬಲ ಅಂದರು, ಸಂಖ್ಯೆ ಕೊಡಲಿಲ್ಲ. ನಾನು ಕೊಡ್ತೀನಿ. ಇವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು, ಹಾಗೇ ಓದಿ. ಒಂದು ಕೋಶ ಒಂದು ಪ್ರತಿಯನ್ನು ಕಳೆದುಕೊಳ್ಳುವ ಸಂಭವ ಹತ್ತು ಲಕ್ಷಕ್ಕೆ ಒಂದು ಎನ್ನೋಣ, ಒಟ್ಟು ಕೋಶ ಒಂದು ಕೋಟಿ ಎನ್ನೋಣ. ಒಂದು ಕೆಟ್ಟ ಪ್ರತಿಯೊಂದಿಗೆ ಹುಟ್ಟಿದವರಲ್ಲಿ ಎರಡನೆಯದನ್ನೂ ಕಳೆದುಕೊಳ್ಳುವ ಕೋಶಗಳು ಸುಮಾರು 10. ಎರಡೂ ಒಳ್ಳೆಯ ಪ್ರತಿಯೊಂದಿಗೆ ಹುಟ್ಟಿದವರಲ್ಲಿ ಅದೇ ಕೋಶಕ್ಕೆ ಎರಡು ಸಲ ಬೀಳಬೇಕು: ಒಂದು ಕೋಟಿಯನ್ನು ಹತ್ತು ಲಕ್ಷದಿಂದ ಎರಡು ಸಲ ಭಾಗಿಸಿ. ಲಕ್ಷ ಜನರಲ್ಲಿ ಒಬ್ಬರಿಗೆ. ವ್ಯತ್ಯಾಸ ಹತ್ತು ಲಕ್ಷ ಪಟ್ಟು.

ಇನ್ನೊಂದು ಸೊಗಸು. ಕೆಟ್ಟ ಪ್ರತಿ ಹೊತ್ತ ಮಗುವಿಗೆ ಸರಾಸರಿ 3 ಗೆಡ್ಡೆ ಎಂದು ನಡ್ಸನ್ ಅಂದಾಜು ಮಾಡಿದ್ದರು. ಅಪರೂಪದ ಘಟನೆ ಎಷ್ಟು ಸಲ ನಡೆಯಬಹುದು ಎಂದು ಲೆಕ್ಕ ಹಾಕುವ ಪಾಯ್ಸಾನ್ ಸೂತ್ರಕ್ಕೆ ಹಾಕಿ. ಒಂದೂ ಬಾರದಿರುವ ಸಂಭವ ಇ ಘಾತ ಋಣ 3, ಅಂದರೆ 0.05. ಕಣ್ಣಿಗೆ ತಲಾ 1.5 ಎಂದು ಹಂಚಿದರೆ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳಿಗೆ ಎರಡೂ ಕಣ್ಣಲ್ಲಿ, 35 ಮಕ್ಕಳಿಗೆ ಒಂದೇ ಕಣ್ಣಲ್ಲಿ, 5 ಮಕ್ಕಳಿಗೆ ಏನೂ ಇಲ್ಲ. ಹಾಗಾಗಿ ಒಂದೇ ಕಣ್ಣಿಗೆ ಬಂದಿದೆ ಎಂದ ಮಾತ್ರಕ್ಕೆ ಆನುವಂಶಿಕ ಅಲ್ಲ ಎನ್ನುವಂತಿಲ್ಲ. ವಂಶವೃಕ್ಷದಲ್ಲಿ ಒಂದು ತಲೆಮಾರು ತಪ್ಪಿಸಿಕೊಂಡು ಮುಂದಿನದರಲ್ಲಿ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣ. ಆ ಐವರಲ್ಲಿ ಒಬ್ಬರು ತಾಯಿಯೋ ತಂದೆಯೋ ಆಗಿರ್ತಾರೆ.

ಓದುಗ_ಜೀವಶಾಸ್ತ್ರ

ಮೇಷ್ಟ್ರೇ, ಇದನ್ನು ನಮ್ಮ ತರಗತಿಯಲ್ಲಿ ಯಾರೂ ಹೀಗೆ ಹೇಳಲೇ ಇಲ್ಲ. ಇನ್ನೊಂದು ಸಣ್ಣ ಅನುಮಾನ. ಎರಡನೇ ಪೆಟ್ಟು ಎಂದರೆ ಇನ್ನೊಂದು ಪ್ರತಿಯಲ್ಲೂ ಮ್ಯುಟೇಶನ್ (ಜೀನ್‌ನ ಅಕ್ಷರಗಳಲ್ಲಿ ಬದಲಾವಣೆ) ಆಗಬೇಕಾ? ಅದೇ ಜೀನ್, ಅದೇ ಕೋಶ, ಮತ್ತೆ ಮ್ಯುಟೇಶನ್... ಹತ್ತು ಲಕ್ಷಕ್ಕೊಂದು ಅಂದರೂ ನಂಬೋಕೆ ಕಷ್ಟ.

ಬೆಂಚ್‌ವಾಸಿ

ಆಗಬೇಕಿಲ್ಲ. ಬಹಳ ಸಲ ಆಗೋದೂ ಇಲ್ಲ. 1983ರಲ್ಲಿ ವೆಬ್‌ಸ್ಟರ್ ಕ್ಯಾವನೀ ಮತ್ತು ಸಂಗಡಿಗರು ಈ ಕಾಯಿಲೆಯ ಮಕ್ಕಳ ರಕ್ತವನ್ನೂ ಗೆಡ್ಡೆಯನ್ನೂ ಪಕ್ಕಪಕ್ಕ ಇಟ್ಟು 13ನೇ ಕ್ರೋಮೋಸೋಮ್ ನೋಡಿದರು. ರಕ್ತದಲ್ಲಿ ಅಪ್ಪನ ಗುರುತು, ಅಮ್ಮನ ಗುರುತು ಎರಡೂ ಇದ್ದವು. ಗೆಡ್ಡೆಯಲ್ಲಿ ಒಂದೇ. ಒಳ್ಳೆಯ ಪ್ರತಿ ಇದ್ದ ಇಡೀ ಕ್ರೋಮೋಸೋಮೇ ವಿಭಜನೆಯ ಗಡಿಬಿಡಿಯಲ್ಲಿ ಬಿದ್ದುಹೋಗಿತ್ತು. ಕೆಲವು ಗೆಡ್ಡೆಗಳಲ್ಲಿ ಅದು ಹೋದ ಮೇಲೆ ಕೆಟ್ಟದ್ದೇ ಎರಡಾಗಿತ್ತು. ಇನ್ನು ಕೆಲವಲ್ಲಿ ಎರಡು ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಂಡು ಎರಡೂ ಕೆಟ್ಟ ಪ್ರತಿ ಒಂದೇ ಮರಿಕೋಶಕ್ಕೆ ಹೋಗಿದ್ದವು. ಒಂದು ಅಕ್ಷರ ತಪ್ಪಾಗುವುದಕ್ಕಿಂತ ಇಂಥ ದೊಡ್ಡ ಕೈಜಾರುಗಳು ಹೆಚ್ಚು ಸಲ ನಡೆಯುತ್ತವೆ.

ಇನ್ನೂ ಒಂದು ದಾರಿ ಇದೆ. ಜೀನ್‌ನ ಅಕ್ಷರ ಒಂದೂ ಬದಲಾಗಿರೋದಿಲ್ಲ, ಆದರೆ ಅದರ ಆರಂಭದ ಭಾಗಕ್ಕೆ ಮೀಥೈಲ್ ಗುಂಪುಗಳು ಅಂಟಿಕೊಂಡು ಜೀನ್ ಮೌನವಾಗಿರುತ್ತೆ. ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿ ಎಂಎಲ್‌ಎಚ್1 ಎಂಬ ಸಪ್ರೆಸರ್ ಜೀನ್ ಹೀಗೇ ಮೌನವಾಗುತ್ತೆ. ಡಿಎನ್‌ಎ ಓದಿ ನೋಡಿದರೆ ಎಲ್ಲಾ ಸರಿಯಾಗಿದೆ ಅನ್ನಿಸುತ್ತೆ, ಪ್ರೋಟೀನ್ ಮಾತ್ರ ಇಲ್ಲ.

ಸಂಶಯಪ್ಪ

ಎಲ್ಲಾ ಸರಿ ಸ್ವಾಮಿ. ನನ್ನದು ಬೇರೆ ತಕರಾರು. ಎಲ್ಲಿ ನೋಡಿದರೂ ಇದನ್ನ ಗಾಡಿಯ ಬ್ರೇಕ್ ಅಂತಾರೆ. ಕೋಶವನ್ನ ಬೆಳೆಯೋಕೆ ನೂಕುವ ಆಂಕೋಜೀನ್ ಆಕ್ಸಿಲರೇಟರ್ ಅಂತೆ, ಇದು ಬ್ರೇಕ್ ಅಂತೆ. ಹಾಗಿದ್ರೆ ಬ್ರೇಕ್ ಇಲ್ಲದ ಕೋಶ ಜೋರಾಗಿ ಬೆಳೀಬೇಕು ತಾನೆ? ಬಿಆರ್‌ಸಿಎ1 ಅನ್ನೋ ಸಪ್ರೆಸರ್ ಜೀನ್ ಇಲ್ಲದ ಕೋಶ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯೋದೇ ಕಷ್ಟ ಅಂತ ಓದಿದ್ದೆ. ಇದ್ಯಾವ ಸೀಮೆ ಬ್ರೇಕು?

ಬೆಂಚ್‌ವಾಸಿ

ನಿಮ್ಮ ತಕರಾರು ನ್ಯಾಯವಾದದ್ದೇ. ಆ ಹೋಲಿಕೆ ಆರ್‌ಬಿ1ಕ್ಕೆ ಒಪ್ಪುತ್ತೆ, ಬಿಆರ್‌ಸಿಎಗೆ ಒಪ್ಪೋದಿಲ್ಲ.

ಆರ್‌ಬಿ ಪ್ರೋಟೀನ್ ಇ2ಎಫ್ ಎನ್ನುವ ಪ್ರೋಟೀನ್‌ಗಳನ್ನು ಹಿಡಿದುಕೊಂಡು ಕೂತಿರುತ್ತೆ. ಡಿಎನ್‌ಎ ನಕಲು ಮಾಡಲು ಬೇಕಾದ ಜೀನ್‌ಗಳನ್ನು ಎಬ್ಬಿಸುವುದು ಇ2ಎಫ್ ಕೆಲಸ. ‘ಬೆಳೆ’ ಎಂಬ ಸಂಕೇತ ಹೊರಗಿನಿಂದ ಬಂದಾಗ ಕೋಶದಲ್ಲಿ ಸೈಕ್ಲಿನ್ ಡಿ ಹೆಚ್ಚುತ್ತೆ, ಅದು ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳ ಜೊತೆ ಸೇರಿ ಆರ್‌ಬಿ ಮೇಲೆ ಫಾಸ್ಫೇಟ್ ಅಂಟಿಸುತ್ತೆ. ಆಗ ಆರ್‌ಬಿ ಹಿಡಿತ ಬಿಡುತ್ತೆ, ಇ2ಎಫ್ ಬಿಡುಗಡೆಯಾಗುತ್ತೆ, ಕೋಶ ವಿಭಜನೆಯ ಹಾದಿ ಹಿಡಿಯುತ್ತೆ. ಆ ಕಿಣ್ವಗಳನ್ನು ತಡೆಯುವ ಪಿ16 ಕೂಡ ಸಪ್ರೆಸರೇ. ಅದು ಸಿಡಿಕೆಎನ್2ಎ ಜೀನ್‌ನಿಂದ ಬರುತ್ತೆ. ಅದೇ ಜಾಗದ ಅಕ್ಷರಗಳನ್ನು ಒಂದು ಸ್ಥಾನ ಸರಿಸಿ ಓದಿದರೆ ಎಆರ್‌ಎಫ್ ಎಂಬ ಇನ್ನೊಂದು ಪ್ರೋಟೀನ್ ಹುಟ್ಟುತ್ತೆ, ಅದು ಪಿ53 ಎಂಬ ಮತ್ತೊಂದು ಸಪ್ರೆಸರ್ ಪ್ರೋಟೀನನ್ನು ಕಾಪಾಡುತ್ತೆ. 9ನೇ ಕ್ರೋಮೋಸೋಮ್‌ನ ಆ ಒಂದು ತುಂಡು ಹೋದರೆ ಎರಡು ವ್ಯವಸ್ಥೆ ಒಟ್ಟಿಗೆ ಹೋದ ಹಾಗೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಿಂದ ಹಿಡಿದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ವರೆಗೆ ಅದು ಪದೇ ಪದೇ ಕಾಣೆಯಾಗಿರೋದು ಸುಮ್ಮನೆ ಅಲ್ಲ.

ಬಿಆರ್‌ಸಿಎ1, ಬಿಆರ್‌ಸಿಎ2, ಎಂಎಲ್‌ಎಚ್1 ಇವುಗಳ ಕೆಲಸ ಬೇರೆ. ವಿಭಜನೆಯನ್ನು ತಡೆಯುವುದು ಅವುಗಳ ಮುಖ್ಯ ಕೆಲಸ ಅಲ್ಲ, ಡಿಎನ್‌ಎ ದುರಸ್ತಿ ಮಾಡುತ್ತವೆ. ಅವು ಹೋದ ದಿನವೇ ಕೋಶ ಓಡಲು ಶುರು ಮಾಡೋದಿಲ್ಲ. ನೀವು ಹೇಳಿದ ಹಾಗೆ ನರಳುತ್ತೆ, ಎಷ್ಟೋ ಸಲ ಸಾಯುತ್ತೆ. ಬದುಕಿ ಉಳಿದದ್ದರಲ್ಲಿ ತಪ್ಪುಗಳು ಗುಡ್ಡೆ ಬೀಳ್ತಾ ಹೋಗಿ, ಅದರಲ್ಲಿ ಕೆಲವು ನಿಜವಾದ ತಡೆಗಳ ಮೇಲೇ ಬೀಳುತ್ತವೆ. 1997ರಲ್ಲಿ ಕಿನ್ಸ್‌ಲರ್ ಮತ್ತು ವೋಗೆಲ್‌ಸ್ಟೈನ್ ಈ ಎರಡು ಬಗೆಗಳನ್ನು ಬೇರೆ ಮಾಡಿ ಹೆಸರಿಟ್ಟರು. ಹಾಗಾಗಿ ಸಪ್ರೆಸರ್ ಎನ್ನುವುದು ಒಂದೇ ಕೆಲಸ ಮಾಡುವ ಜೀನ್‌ಗಳ ಕುಟುಂಬ ಅಲ್ಲ. ಇಲ್ಲವಾದಾಗ ಗೆಡ್ಡೆಗೆ ಅನುಕೂಲವಾಗುತ್ತೆ ಎನ್ನುವ ಒಂದೇ ಕಾರಣಕ್ಕೆ ಒಟ್ಟಿಗೆ ಸೇರಿಸಿಟ್ಟ ಗುಂಪು.

ಇವು ಕ್ಯಾನ್ಸರ್ ತಡೆಯಲೆಂದೇ ಇರುವ ಜೀನ್‌ಗಳು ಎಂದು ಭಾವಿಸೋದೂ ಬೇಡ. ಆರ್‌ಬಿ ಎರಡೂ ಪ್ರತಿ ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತೆ. ಪಿ53 ಇಲ್ಲದ ಇಲಿ ಮಾತ್ರ ಬಹುಪಾಲು ಸಹಜವಾಗೇ ಹುಟ್ಟುತ್ತೆ, ಆಮೇಲೆ ಕೆಲವೇ ತಿಂಗಳಲ್ಲಿ ಗೆಡ್ಡೆ. 1992ರಲ್ಲಿ ಇದನ್ನು ಕಂಡಾಗ ಎಲ್ಲರಿಗೂ ಅಚ್ಚರಿ ಆಗಿತ್ತು, ಏಕೆಂದರೆ ಅಷ್ಟು ಮುಖ್ಯವಾದ ಜೀನ್ ಇಲ್ಲದೆ ಮರಿ ಹುಟ್ಟುತ್ತೆ ಎಂದು ಯಾರೂ ಎಣಿಸಿರಲಿಲ್ಲ.

ಹಳೇ_ಸಂಚಿಕೆ

ಪಿ53 ಮಾತು ಬಂತಲ್ಲ, ಅದರ ಇತಿಹಾಸ ಹೇಳದೆ ಬಿಡೋಕಾಗಲ್ಲ. 1979ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಕಂಡುಕೊಂಡವು. ಎಸ್‌ವಿ40 ವೈರಸ್ಸಿನ ಪ್ರೋಟೀನ್‌ಗೆ ಅಂಟಿಕೊಂಡು ಬರ್ತಾ ಇತ್ತು, ಕ್ಯಾನ್ಸರ್ ಕೋಶಗಳಲ್ಲಿ ಧಾರಾಳವಾಗಿ ಸಿಗ್ತಾ ಇತ್ತು. ಆಂಕೋಜೀನ್ ಎಂದು ತೀರ್ಮಾನ ಮಾಡಿಬಿಟ್ಟರು. ಕೋಶಗಳಿಗೆ ಸೇರಿಸಿ ನೋಡಿದರು, ಕೋಶ ಕೆಟ್ಟಿತು. ಸಾಕ್ಷಿ ಸಿಕ್ಕಿತಲ್ಲ! ಸುಮಾರು ಹತ್ತು ವರ್ಷ ಇದೇ ನಂಬಿಕೆ. ಕೊನೆಗೆ ಗೊತ್ತಾಗಿದ್ದೇನೆಂದರೆ ಅವರು ಬಳಸುತ್ತಿದ್ದ ತದ್ರೂಪುಗಳೇ ಮ್ಯುಟೇಶನ್ ಆದವು. ನಿಜವಾದ, ಕೆಡದ ಪಿ53 ಹಾಕಿದರೆ ಕೋಶ ಬೆಳೆಯೋದು ನಿಲ್ಲುತ್ತೆ. 1989ರಲ್ಲಿ ವೋಗೆಲ್‌ಸ್ಟೈನ್ ತಂಡ ಕರುಳಿನ ಗೆಡ್ಡೆಗಳಲ್ಲಿ 17ನೇ ಕ್ರೋಮೋಸೋಮ್‌ನ ಒಂದು ಪ್ರತಿ ಕಾಣೆಯಾಗಿ, ಉಳಿದ ಟಿಪಿ53 ಜೀನ್‌ನಲ್ಲೂ (ಪಿ53 ಪ್ರೋಟೀನ್ ಬರೋದು ಇದರಿಂದಲೇ) ಮ್ಯುಟೇಶನ್ ಇದ್ದದ್ದನ್ನು ತೋರಿಸಿತು. ಆಮೇಲೆ ಜೀನ್ ಪಕ್ಷ ಬದಲಾಯಿಸಿತು. ಈಗ ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವ ಜೀನ್ ಅದು, ಬೇರೆ ಯಾವುದೂ ಅದರ ಹತ್ತಿರಕ್ಕೆ ಬರೋದಿಲ್ಲ.

ಆದರೆ ಸಪ್ರೆಸರ್ ಎಂಬ ಯೋಚನೆ ಅದಕ್ಕಿಂತ ಹಳೇದು. 1969ರಲ್ಲೇ ಆಕ್ಸ್‌ಫರ್ಡ್‌ನ ಹೆನ್ರಿ ಹ್ಯಾರಿಸ್ ಮತ್ತು ಜೊತೆಗಾರರು ಕ್ಯಾನ್ಸರ್ ಕೋಶವನ್ನು ಸಾಮಾನ್ಯ ಕೋಶದ ಜೊತೆ ಬೆಸೆದು ನೋಡಿದ್ದರು. ಮಿಶ್ರಕೋಶ ಇಲಿಯಲ್ಲಿ ಗೆಡ್ಡೆ ಮಾಡಲಿಲ್ಲ. ಬೆಳೆಸುತ್ತಾ ಹೋದ ಹಾಗೆ ಕೆಲವು ಕ್ರೋಮೋಸೋಮ್ ಕಳೆದುಕೊಂಡಾಗ ಮತ್ತೆ ಹಳೇ ಚಾಳಿ. ಕೆಟ್ಟದ್ದೊಂದು ಬಂದು ಸೇರಿಕೊಳ್ಳುವುದಷ್ಟೇ ಕ್ಯಾನ್ಸರ್ ಆಗಿದ್ದರೆ ಬೆಸೆದಾಗ ಗೆಲ್ಲಬೇಕಾದ್ದು ಕ್ಯಾನ್ಸರೇ. ಸೋತದ್ದು ಅದೇ. ಆಗ ವೈರಸ್ ಮತ್ತು ಆಂಕೋಜೀನ್‌ಗಳ ಅಬ್ಬರ, ಈ ಕಡೆ ಕಿವಿಗೊಟ್ಟವರು ಕಡಿಮೆ.

ಓದುಗ_ಜೀವಶಾಸ್ತ್ರ

ಕೆಟ್ಟ ಪಿ53 ಸೇರಿಸಿದರೆ ಕೋಶ ಕೆಟ್ಟಿತು ಅಂದಿರಿ. ಆ ಕೋಶದಲ್ಲಿ ಅದರದ್ದೇ ಒಳ್ಳೆಯ ಪ್ರತಿಗಳು ಇದ್ದವಲ್ಲ? ಎರಡು ಪೆಟ್ಟಿನ ನಿಯಮದ ಪ್ರಕಾರ ಏನೂ ಆಗಬಾರದಿತ್ತು.

ಬೆಂಚ್‌ವಾಸಿ

ಭೇಷ್. ಈ ಪ್ರಶ್ನೆ ಬಂದರೆ ಪಾಠ ಅರ್ಥವಾಗಿದೆ ಎಂದರ್ಥ.

ಪಿ53 ಒಂಟಿಯಾಗಿ ಕೆಲಸ ಮಾಡೋದಿಲ್ಲ. ನಾಲ್ಕು ಅಣುಗಳು ಕೂಡಿ ಒಂದು ಘಟಕವಾಗಿ ಡಿಎನ್‌ಎಗೆ ಅಂಟುತ್ತವೆ. ಒಂದು ಪ್ರತಿ ಕೆಟ್ಟು, ಅದರಿಂದಲೂ ಅಷ್ಟೇ ಪ್ರೋಟೀನ್ ಬರ್ತಾ ಇದ್ದರೆ ನಾಲ್ಕೂ ಒಳ್ಳೆಯವೇ ಆಗಿರುವ ಘಟಕ 16ರಲ್ಲಿ 1. ಉಳಿದ 15ರಲ್ಲಿ ಕನಿಷ್ಠ ಒಂದಾದರೂ ಕೆಟ್ಟದ್ದು ಸೇರಿಕೊಂಡು ಘಟಕದ ಕೆಲಸಕ್ಕೆ ಅಡ್ಡಗಾಲು ಹಾಕುತ್ತೆ. ಪ್ರೋಟೀನ್ ಪೂರ್ತಿ ಇಲ್ಲದೇ ಹೋಗೋದಕ್ಕಿಂತ ಕೆಟ್ಟ ಪ್ರೋಟೀನ್ ಇರೋದೇ ಹೆಚ್ಚು ತೊಂದರೆ. ಅದಕ್ಕೇ ಟಿಪಿ53ಯಲ್ಲಿ ಒಂದು ಅಮೈನೊ ಆಮ್ಲ ಮಾತ್ರ ಬದಲಾಗುವ ಮ್ಯುಟೇಶನ್‌ಗಳು ಬಹಳ. 175, 248, 273ನೇ ಸ್ಥಾನಗಳಲ್ಲಿ ಅವು ಮತ್ತೆ ಮತ್ತೆ ಸಿಗುತ್ತವೆ. ಎಪಿಸಿ ಎಂಬ ಇನ್ನೊಂದು ಸಪ್ರೆಸರ್ ಜೀನ್ ತೆಗೆದುಕೊಂಡರೆ ಹೆಚ್ಚಿನ ಮ್ಯುಟೇಶನ್‌ಗಳು ಪ್ರೋಟೀನನ್ನೇ ಅರ್ಧಕ್ಕೆ ಕತ್ತರಿಸುವಂಥವು.

ಇದಲ್ಲದೆ ಅರ್ಧ ಪ್ರಮಾಣ ಸಾಲದೆ ಹೋಗುವ ಜೀನ್‌ಗಳೂ ಇವೆ. ಪಿಟೆನ್ ಅದಕ್ಕೆ ಒಳ್ಳೆ ಉದಾಹರಣೆ. ಇಲಿಗಳಲ್ಲಿ ಅದರ ಪ್ರೋಟೀನ್ ಸ್ವಲ್ಪ ತಗ್ಗಿದರೂ ಗೆಡ್ಡೆಯ ಅಪಾಯ ಏರುತ್ತೆ. ಅಲ್ಲಿ ಪೆಟ್ಟು ಎಣಿಸುವುದಕ್ಕಿಂತ ಪ್ರೋಟೀನ್ ಎಷ್ಟು ಉಳಿದಿದೆ ಎಂದು ಅಳೆಯುವುದೇ ಮೇಲು. ಪರೀಕ್ಷೆಯಲ್ಲಿ ಎರಡು ಪೆಟ್ಟಿನ ನಿಯಮವನ್ನೇ ಬರೆಯಿರಿ, ಆದರೆ ಅದು ಆರ್‌ಬಿ1 ಅಳತೆಗೆ ಹೊಲಿದದ್ದು ಎನ್ನುವುದು ತಲೆಯಲ್ಲಿರಲಿ.

ಅನಾಮಿಕ_ಸದಸ್ಯ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ವಿಜ್ಞಾನ ಓದಿದವಳಲ್ಲ. ಅಪ್ಪನಿಗೆ 68 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಗೆಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ವರದಿಯಲ್ಲಿ ‘ಟಿಪಿ53 ಮ್ಯುಟೇಶನ್ ಇದೆ’ ಎಂದು ಬಂದಿದೆ. ಇಂಟರ್ನೆಟ್ಟಲ್ಲಿ ಹುಡುಕಿದರೆ ಲೀ-ಫ್ರೌಮೆನಿ ಎಂದು ಏನೇನೋ ಬರ್ತಿದೆ. ನಿದ್ದೆ ಬರ್ತಿಲ್ಲ. ನನಗೂ ನನ್ನ ಮಗನಿಗೂ ಇದು ಬಂದಿರುತ್ತಾ?

ವಂಶವೃಕ್ಷದಕ್ಕ

ಕ್ಷಮೆ ಯಾಕಮ್ಮ, ಇಂಥ ಪ್ರಶ್ನೆಗೇ ಅಲ್ಲವೇ ನಾವು ಇಲ್ಲಿರೋದು. ನಾನು ಜೆನೆಟಿಕ್ ಕೌನ್ಸೆಲಿಂಗ್ ಕೆಲಸದಲ್ಲಿದ್ದೀನಿ.

ಮೊದಲು ಒಂದು ಮಾತು ತಿಳ್ಕೊಳ್ಳಿ. ಪರೀಕ್ಷೆ ಮಾಡಿದ್ದು ಗೆಡ್ಡೆಯನ್ನು. ಮೇಲೆ ಹೇಳಿದ ಹಾಗೆ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಟಿಪಿ53 ಕೆಟ್ಟಿರುತ್ತೆ, ಶ್ವಾಸಕೋಶದ್ದರಲ್ಲಂತೂ ಸಾಮಾನ್ಯ. ಅದು ಆ ಗೆಡ್ಡೆಯ ಕೋಶಗಳಲ್ಲಿ, ಬದುಕಿನ ನಡುವೆ ಆದದ್ದು. ವೀರ್ಯದಲ್ಲೋ ಅಂಡದಲ್ಲೋ ಇಲ್ಲದ ಬದಲಾವಣೆ ಮಕ್ಕಳಿಗೆ ಹೋಗೋದಿಲ್ಲ. ನಿಮ್ಮ ಅಪ್ಪನ ವಯಸ್ಸು, ಕ್ಯಾನ್ಸರ್‌ನ ಜಾತಿ ಎರಡನ್ನೂ ನೋಡಿದರೆ ಹುಟ್ಟಿನಿಂದ ಬಂದದ್ದಾಗಿರುವ ಸಾಧ್ಯತೆ ಬಹಳ ಕಡಿಮೆ.

ಲೀ ಮತ್ತು ಫ್ರೌಮೆನಿ 1969ರಲ್ಲಿ ವರ್ಣಿಸಿದ ಕುಟುಂಬಗಳ ಚಿತ್ರವೇ ಬೇರೆ. ಅಲ್ಲಿ ಚಿಕ್ಕ ವಯಸ್ಸಿನಲ್ಲೇ ಸಾರ್ಕೋಮಾ (ಮೂಳೆ, ಸ್ನಾಯುವಿನಂಥ ಭಾಗಗಳ ಕ್ಯಾನ್ಸರ್), ಮೂವತ್ತರ ಆಸುಪಾಸಿನಲ್ಲೇ ಸ್ತನ ಕ್ಯಾನ್ಸರ್, ಮಕ್ಕಳಲ್ಲಿ ಮೆದುಳಿನ ಗೆಡ್ಡೆ, ಅಡ್ರಿನಲ್ ಗ್ರಂಥಿಯ ಹೊರಪದರದ ಗೆಡ್ಡೆ ಇಂಥವು, ಒಬ್ಬರಿಗೇ ಎರಡು ಮೂರು ಬೇರೆ ಬೇರೆ ಕ್ಯಾನ್ಸರ್. ಅದರ ಕಾರಣ ಹುಟ್ಟಿನಿಂದಲೇ ಕೆಟ್ಟ ಟಿಪಿ53 ಎಂದು 1990ರಲ್ಲಿ ಗೊತ್ತಾಯಿತು. ನಿಮ್ಮ ಮನೆತನದಲ್ಲಿ 45 ವರ್ಷಕ್ಕೆ ಮುಂಚೆ ಯಾರಿಗಾದರೂ ಇಂಥ ಕ್ಯಾನ್ಸರ್ ಬಂದಿತ್ತಾ ಎಂದು ಅಪ್ಪನ ಕಡೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇದ್ದರೆ ಅಪ್ಪನಿಗೆ ಹುಟ್ಟಿನ ಜೀನ್ ಪರೀಕ್ಷೆ ಮಾಡಿಸಬೇಕಾ ಎಂದು ಡಾಕ್ಟರನ್ನು ಕೇಳಿ. ನೇರವಾಗಿ ನಿಮಗೋ ಮಗನಿಗೋ ಮಾಡಿಸಬೇಡಿ. ಮೊದಲು ಅವರಲ್ಲಿ ಇದೆಯಾ ಎಂದು ಗೊತ್ತಾಗಬೇಕು.

ಇನ್ನೊಂದು ಎಚ್ಚರಿಕೆ, ಇದನ್ನು ತಿಳಿದವರೂ ಮರೀತಾರೆ. ವಯಸ್ಸಾದವರ ರಕ್ತದಲ್ಲಿ ಟಿಪಿ53 ಮ್ಯುಟೇಶನ್ ಸಿಕ್ಕಿತು ಎಂದಾಕ್ಷಣ ಅದು ಹುಟ್ಟಿನಿಂದ ಬಂದದ್ದೆಂದು ಹೇಳುವಂತಿಲ್ಲ. ವಯಸ್ಸಿನ ಜೊತೆ, ಕೀಮೋಥೆರಪಿಯ ನಂತರವಂತೂ, ರಕ್ತಕೋಶಗಳ ಒಂದು ಸಣ್ಣ ಗುಂಪಿನಲ್ಲಿ ಮಾತ್ರ ಅದು ಹುಟ್ಟಿಕೊಳ್ಳಬಹುದು. ಅನುಮಾನ ಬಂದರೆ ಚರ್ಮದಿಂದ ಕೋಶ ಬೆಳೆಸಿ ಪರೀಕ್ಷಿಸುತ್ತಾರೆ.

ಅನಾಮಿಕ_ಸದಸ್ಯ

ಅಕ್ಕಾ, ನಿಮಗೆ ಹೇಗೆ ಹೇಳಲಿ. ಅಪ್ಪನ ಕಡೆ ಅಂಥದ್ದು ಯಾರಿಗೂ ಇಲ್ಲ, ಅತ್ತೆಯವರನ್ನು ಈಗಷ್ಟೇ ಫೋನ್ ಮಾಡಿ ಕೇಳಿದೆ.

ಸಂಶಯಪ್ಪ

ಆ ಮೇಡಂಗೆ ನೆಮ್ಮದಿ ಆಯ್ತಲ್ಲ, ಒಳ್ಳೇದು. ಈಗ ನನ್ನ ಎರಡನೇ ತಕರಾರು. ಜೀನ್ ಹೋಗಿದೆ ಅಂತ ಗೊತ್ತು, ಅದೇನು ಮಾಡುತ್ತೆ ಅಂತಲೂ ಗೊತ್ತು, ಆರ್‌ಬಿ1 ಸಿಕ್ಕಿ ಹತ್ತಿರ ಹತ್ತಿರ ನಲವತ್ತು ವರ್ಷ ಆಯ್ತು. ವಾಪಸ್ ಹಾಕೋದಕ್ಕೆ ಏನು ಧಾಡಿ? ಆನೆಗೆ 20 ಪಿ53 ಜೀನ್ ಇದೆಯಂತೆ, ಕ್ಯಾನ್ಸರ್ ಅಪರೂಪವಂತೆ. ನಮಗೂ ನಾಲ್ಕು ಹೆಚ್ಚು ಕೊಟ್ಟರಾಯ್ತು. ‘ಪಿ53 ಹೆಚ್ಚಿಸುವ’ ಕ್ಯಾಪ್ಸೂಲ್ ಜಾಹೀರಾತು ಬೇರೆ ನೋಡಿದೆ.

ಬೆಂಚ್‌ವಾಸಿ

ಕ್ಯಾಪ್ಸೂಲಿನ ಮಾತು ಮೊದಲು ಮುಗಿಸ್ತೀನಿ: ದುಡ್ಡು ಉಳಿಸಿಕೊಳ್ಳಿ. ಆರೋಗ್ಯವಂತ ಕೋಶದಲ್ಲಿ ಪಿ53 ಹುಟ್ಟಿದ ಸುಮಾರು 20 ನಿಮಿಷಕ್ಕೆ ಅರ್ಧ ಒಡೆದುಹೋಗುತ್ತೆ, ಎಂಡಿಎಂ2 ಎಂಬ ಪ್ರೋಟೀನ್ ಅದನ್ನು ಒಡೆಯಲೆಂದೇ ಗುರುತು ಹಾಕುತ್ತೆ. ಡಿಎನ್‌ಎಗೆ ಪೆಟ್ಟಾದಾಗ ಮಾತ್ರ ಅದು ಉಳಿದುಕೊಂಡು ಕೋಶವನ್ನು ನಿಲ್ಲಿಸುತ್ತೆ, ದುರಸ್ತಿ ಆಗದಿದ್ದರೆ ಕೊಲ್ಲುತ್ತೆ. ಸುಮ್ಮನಿದ್ದಾಗ ಕಡಿಮೆ ಇರೋದೇ ಆರೋಗ್ಯ. 2002ರಲ್ಲಿ ಸದಾ ಚುರುಕಾಗಿರುವ ಬದಲಾದ ಪಿ53 ಹೊತ್ತ ಇಲಿಗಳ ವರದಿ ಬಂತು. ಕ್ಯಾನ್ಸರ್ ಕಡಿಮೆ, ನಿಜ. ಆದರೆ ಮೂಳೆ ಸವೆದು, ಬೆನ್ನು ಬಾಗಿ, ಬೇಗ ಮುದಿಯಾಗಿ ಸತ್ತವು. ಅದೇ ವರ್ಷ ಇನ್ನೊಂದು ತಂಡ ಸಹಜ ಹತೋಟಿಯ ಸಮೇತ ಹೆಚ್ಚುವರಿ ಪ್ರತಿ ಕೊಟ್ಟ ಇಲಿಗಳಲ್ಲಿ ಕ್ಯಾನ್ಸರ್ ಕಡಿಮೆಯಾಯಿತು, ಮುಪ್ಪು ಬೇಗ ಬರಲಿಲ್ಲ. ಜೀನ್ ಎಷ್ಟಿದೆ ಎನ್ನುವುದಕ್ಕಿಂತ ಯಾವಾಗ ಏಳುತ್ತೆ, ಯಾವಾಗ ಸುಮ್ಮನಾಗುತ್ತೆ ಎನ್ನುವುದೇ ಮುಖ್ಯ. ಆನೆಯ ಹೆಚ್ಚುವರಿ ಪ್ರತಿಗಳೂ ಪೂರ್ತಿ ಜೀನ್‌ಗಳಲ್ಲ. ಒಂದನ್ನು ಬಿಟ್ಟು ಉಳಿದವು ಆರ್‌ಎನ್‌ಎಯಿಂದ ಹಿಂದಕ್ಕೆ ನಕಲಾಗಿ ಸೇರಿಕೊಂಡವು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಆನೆಯ ಕೋಶಗಳು ನಮ್ಮವಕ್ಕಿಂತ ಬೇಗ ಸಾಯುತ್ತವೆ ಎಂದು 2015ರಲ್ಲಿ ತೋರಿಸಿದರು. ಪ್ರಯೋಗ ಕೋಟಿಗಟ್ಟಲೆ ವರ್ಷ ನಡೆದು ಆನೆಗೆ ಒಗ್ಗಿದೆ. ನಮಗೆ ಒಗ್ಗುತ್ತೆ ಎಂದು ಯಾರು ಹೇಳ್ತಾರೆ?

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಔಷಧಿಗಳಿಗೆ ಸುಲಭವಾದ ಕೆಲಸ ಅಡ್ಡಿ ಮಾಡೋದು. ಆಂಕೋಜೀನ್‌ನ ಪ್ರೋಟೀನ್ ಅತಿಯಾಗಿ ದುಡೀತಿದ್ದರೆ ಅದರ ಸಂದಿಗೆ ಒಂದು ಸಣ್ಣ ಅಣು ತುರುಕಿ ನಿಲ್ಲಿಸಬಹುದು. ಇಲ್ಲದ ಪ್ರೋಟೀನಿನ ಯಾವ ಸಂದಿಗೆ ಏನು ತುರುಕೋದು? ಜೀನನ್ನೇ ವಾಪಸ್ ಹಾಕ್ತೀವಿ ಎಂದರೆ ಗೆಡ್ಡೆಯ ಹೆಚ್ಚುಕಡಿಮೆ ಪ್ರತಿಯೊಂದು ಕೋಶಕ್ಕೂ ತಲುಪಿಸಬೇಕು, ಬಿಟ್ಟುಹೋದವು ಮತ್ತೆ ಬೆಳೆಯುತ್ತವೆ. ಪ್ರಯತ್ನ ನಡೆದಿಲ್ಲ ಎಂದಲ್ಲ. 2003ರಲ್ಲಿ ಚೀನಾ ಪಿ53 ಹೊತ್ತ ಅಡಿನೋವೈರಸ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು, ತಲೆ ಕುತ್ತಿಗೆಯ ಕ್ಯಾನ್ಸರಿಗೆ. ಅದನ್ನು ಗೆಡ್ಡೆಯೊಳಕ್ಕೇ ಚುಚ್ಚಬೇಕು. ಮೈಯೆಲ್ಲ ಹರಡಿದ ಕಾಯಿಲೆಗೆ ಆ ದಾರಿ ಉದ್ದ.

ಹಾಗಾಗಿ ಗೆದ್ದದ್ದೆಲ್ಲ ಬಳಸುದಾರಿಯಲ್ಲಿ. ಬಿಆರ್‌ಸಿಎ ಇಲ್ಲದ ಕೋಶ ದುರಸ್ತಿಯ ಒಂದು ಮುಖ್ಯ ವಿಧಾನ ಕಳೆದುಕೊಂಡು ಪಾರ್ಪ್ ಎಂಬ ಕಿಣ್ವದ ಮೇಲೆ ವಾಲಿರುತ್ತೆ. ಅದನ್ನೂ ಕಟ್ಟಿಹಾಕಿದರೆ ಕೋಶ ಸಾಯುತ್ತೆ, ಪಕ್ಕದ ಸಾಮಾನ್ಯ ಕೋಶ ಉಳಿಯುತ್ತೆ. ಪ್ರಯೋಗಾಲಯದಲ್ಲಿ ಇದನ್ನು ತೋರಿಸಿದ್ದು 2005ರಲ್ಲಿ, ಒಲಾಪರಿಬ್ ಔಷಧಿಗೆ ಅನುಮತಿ ಸಿಕ್ಕಿದ್ದು 2014ರಲ್ಲಿ. ಕಳೆದುಹೋದದ್ದನ್ನು ಹಿಂದಿರುಗಿಸಲಿಲ್ಲ, ಕಳೆದುಹೋದದ್ದನ್ನೇ ಅಸ್ತ್ರ ಮಾಡಿಕೊಂಡರು. ಇದರಲ್ಲಿ ನನಗೆ ಮರೆಯಲಾಗದ ಒಂದು ವಿಚಿತ್ರ: ಈ ಔಷಧಿಗೆ ಬಗ್ಗದ ಕೆಲವು ಗೆಡ್ಡೆಗಳನ್ನು ಬಗೆದು ನೋಡಿದರೆ ಅಲ್ಲಿ ಬಿಆರ್‌ಸಿಎ ಜೀನ್ ಇನ್ನೊಂದು ಮ್ಯುಟೇಶನ್‌ನಿಂದ ಸರಿಹೋಗಿರುತ್ತೆ! ಹುಟ್ಟಲು ಸಪ್ರೆಸರನ್ನು ಕಳೆದುಕೊಂಡ ಗೆಡ್ಡೆ ಬದುಕಲು ಅದನ್ನೇ ಮತ್ತೆ ಗಳಿಸಿಕೊಳ್ಳುತ್ತೆ.

ವಿಎಚ್‌ಎಲ್ ಎಂಬ ಸಪ್ರೆಸರ್ ಇನ್ನೊಂದು ಉದಾಹರಣೆ. ಅದು ಹೋದಾಗ ಎಚ್‌ಐಎಫ್ ಎಂಬ ಪ್ರೋಟೀನ್ ಒಡೆಯದೆ ಉಳಿದು, ಆಮ್ಲಜನಕ ಸಾಕಷ್ಟಿದ್ದರೂ ಇಲ್ಲ ಎಂದು ಕೋಶ ತಿಳಿದು ರಕ್ತನಾಳ ಬೆಳೆಸುತ್ತೆ. 2019ರ ನೊಬೆಲ್ ಬಂದದ್ದು ಈ ವ್ಯವಸ್ಥೆಯನ್ನು ಬಿಡಿಸಿದ್ದಕ್ಕೆ. ಅದರ ಬೆನ್ನಲ್ಲೇ 2021ರಲ್ಲಿ ಎಚ್‌ಐಎಫ್‌ನ ಒಂದು ರೂಪವನ್ನು ತಡೆಯುವ ಬೆಲ್‌ಜುಟಿಫಾನ್ ಬಂತು. ಪಿ53ಯನ್ನು ಎಂಡಿಎಂ2 ಕೈಯಿಂದ ಬಿಡಿಸುವ ಅಣುಗಳನ್ನು 2004ರಲ್ಲಿ ವರ್ಣಿಸಿದರು. ಅವು ಕೆಲಸ ಮಾಡಬೇಕಾದರೆ ಗೆಡ್ಡೆಯಲ್ಲಿ ಪಿ53 ಕೆಡದೆ ಉಳಿದಿರಬೇಕು, ಜೊತೆಗೆ ಸಾಮಾನ್ಯ ರಕ್ತಕೋಶಗಳಲ್ಲೂ ಪಿ53 ಏಳೋದರಿಂದ ಪ್ಲೇಟ್‌ಲೆಟ್ ಇಳಿಯುತ್ತೆ.

ಆರ್‌ಬಿ ದಾರಿಯಲ್ಲೂ ಇದೇ ಕಥೆ. 2015ರಿಂದ ಸ್ತನ ಕ್ಯಾನ್ಸರಿಗೆ ಬಳಸುವ ಪಾಲ್ಬೊಸಿಕ್ಲಿಬ್ ಆ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ತಡೆಯುತ್ತೆ. ಆರ್‌ಬಿ ಇದ್ದರೆ ಮಾತ್ರ ಪ್ರಯೋಜನ. ಆರ್‌ಬಿಯೇ ಇಲ್ಲದ ಗೆಡ್ಡೆಯಲ್ಲಿ ಫಾಸ್ಫೇಟ್ ಅಂಟಿಸೋದನ್ನು ತಡೆದು ಏನು ಸಾಧಿಸಿದ ಹಾಗಾಯ್ತು?

ವಾರ್ಡಿನವಳು

ಜೀನ್ ಕೆಡದೆಯೇ ಸಪ್ರೆಸರ್ ಹೋಗುವ ದೊಡ್ಡ ಉದಾಹರಣೆಯನ್ನು ಯಾರೂ ಹೇಳಲಿಲ್ಲ. ಗರ್ಭಕಂಠದ ಕ್ಯಾನ್ಸರ್. ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನ್ ಪಿ53ಯನ್ನು ಒಡೆಸಿಹಾಕುತ್ತೆ, ಇ7 ಪ್ರೋಟೀನ್ ಆರ್‌ಬಿಯನ್ನು ಹಿಡಿದು ನಿಷ್ಕ್ರಿಯ ಮಾಡುತ್ತೆ. ಪ್ರಯೋಗಾಲಯಗಳಲ್ಲಿ ಇಂದಿಗೂ ಬೆಳೆಸುವ ಹೀಲಾ ಕೋಶಗಳು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ ಬಂದವು. ಅವುಗಳಲ್ಲಿ ಎಚ್‌ಪಿವಿ 18 ಇದೆ, ಟಿಪಿ53 ಮತ್ತು ಆರ್‌ಬಿ1 ಜೀನ್‌ಗಳು ಕೆಡದೆ ಹಾಗೇ ಇವೆ. ವೈರಸ್ಸಿನ ಆ ಎರಡು ಪ್ರೋಟೀನ್ ನಿಲ್ಲಿಸಿದರೆ ಅಷ್ಟು ವರ್ಷ ಬೆಳೆದ ಕೋಶಗಳೂ ಬೆಳೆಯೋದು ಬಿಡುತ್ತವೆ. ಸಪ್ರೆಸರ್ ವಾಪಸ್ ತರೋದು ಕಷ್ಟ ಎಂದು ಮೇಲೆ ಇಷ್ಟುದ್ದ ಬರೆದಿದ್ದೀರಿ. ಈ ಒಂದು ಕ್ಯಾನ್ಸರ್‌ನಲ್ಲಿ ಕಳೆದುಕೊಳ್ಳದ ಹಾಗೆ ಮುಂಚೆಯೇ ಲಸಿಕೆ ಹಾಕಿಸಬಹುದು. ಅದನ್ನೂ ಬರೀರಿ.

ಬೆಂಚ್‌ವಾಸಿ

ನೀವೇ ಬರೆದಿರಲ್ಲ, ನನಗಿಂತ ಚೆನ್ನಾಗಿ.

ಓದುಗ_ಜೀವಶಾಸ್ತ್ರ

ವಂಶವೃಕ್ಷದಕ್ಕ ಅವರಿಗೆ ಕೊನೆಯ ಪ್ರಶ್ನೆ. ಒಂದು ಮಗುವಿಗೆ ಎರಡೂ ಕಣ್ಣಿಗೆ ಬಂದಿದೆ, ತಂದೆತಾಯಿ ಇಬ್ಬರಿಗೂ ಏನೂ ಇಲ್ಲ, ವಂಶದಲ್ಲೂ ಇಲ್ಲ. ಇದು ಆನುವಂಶಿಕವೋ ಅಲ್ಲವೋ? ತಮ್ಮನೋ ತಂಗಿಯೋ ಹುಟ್ಟಿದರೆ ಏನು ಮಾಡ್ತಾರೆ?

ವಂಶವೃಕ್ಷದಕ್ಕ

ಎರಡೂ ಕಣ್ಣಿಗೆ ಬಂದರೆ ಆನುವಂಶಿಕ ಜಾತಿಯದ್ದೇ ಎಂದು ಇಟ್ಟುಕೊಳ್ಳುತ್ತೇವೆ. ವಂಶದಲ್ಲಿ ಇಲ್ಲದಿರೋದು ಅಪರೂಪ ಅಲ್ಲ, ಹೆಚ್ಚಿನ ಮಕ್ಕಳಲ್ಲಿ ಆ ಮ್ಯುಟೇಶನ್ ಹೊಸದಾಗಿ ಹುಟ್ಟಿದ್ದು. ಹಿಂದಿನವರಿಂದ ಬರದಿದ್ದರೂ ಮುಂದಿನವರಿಗೆ ಹೋಗಬಲ್ಲದು: ಆ ಮಗು ದೊಡ್ಡದಾದ ಮೇಲೆ ಅದರ ಪ್ರತಿ ಮಗುವಿಗೂ ಅರ್ಧದಷ್ಟು ಸಂಭವ. ಕಣ್ಣು ವಾಸಿಯಾದ ಮೇಲೂ ಮೂಳೆಯ ಸಾರ್ಕೋಮಾದಂಥ ಬೇರೆ ಕ್ಯಾನ್ಸರ್‌ಗಳ ಅಪಾಯ ಇರೋದರಿಂದ, ಆದಷ್ಟು ವಿಕಿರಣ ಚಿಕಿತ್ಸೆ ತಪ್ಪಿಸಿ, ಜೀವನಪೂರ್ತಿ ನಿಗಾ ಇಡುತ್ತಾರೆ.

ತಮ್ಮ ತಂಗಿಯ ವಿಷಯ. ಮೊದಲು ಕಾಯಿಲೆಯ ಮಗುವಿನ ರಕ್ತದಲ್ಲಿ ಆರ್‌ಬಿ1ನ ಯಾವ ಮ್ಯುಟೇಶನ್ ಎಂದು ಗುರುತಿಸುತ್ತಾರೆ. ಅದು ತಂದೆತಾಯಿಯ ರಕ್ತದಲ್ಲಿ ಕಾಣದಿದ್ದರೂ ಅವರ ಅಂಡಾಣು ಇಲ್ಲವೇ ವೀರ್ಯಾಣುಗಳಲ್ಲಿ ಕೆಲವಕ್ಕೆ ಮಾತ್ರ ಇರಬಹುದು, ಅದಕ್ಕೇ ಮುಂದಿನ ಮಗುವನ್ನೂ ಪರೀಕ್ಷಿಸುತ್ತಾರೆ. ಮಗುವಿನಲ್ಲಿ ಅದೇ ಮ್ಯುಟೇಶನ್ ಸಿಕ್ಕಿದರೆ ಹುಟ್ಟಿದ ವಾರಗಳಿಂದಲೇ ಕಣ್ಣಿನ ತಪಾಸಣೆ, ಸ್ವಲ್ಪ ದೊಡ್ಡದಾದ ಮೇಲೆ ಅರಿವಳಿಕೆ ಕೊಟ್ಟು ಮತ್ತೆ ಮತ್ತೆ. ಗೆಡ್ಡೆ ಸಾಸಿವೆಯಷ್ಟಿದ್ದಾಗ ಸಿಕ್ಕಿದರೆ ಲೇಸರ್‌ನಲ್ಲೇ ಮುಗಿಯುತ್ತೆ, ದೃಷ್ಟಿ ಉಳಿಯುತ್ತೆ. ಆ ಮ್ಯುಟೇಶನ್ ಸಿಗದಿದ್ದರೆ ಮಗುವಿಗೆ ಅರಿವಳಿಕೆಯೂ ಬೇಡ, ಆ ತಪಾಸಣೆಗಳೂ ಬೇಡ.